ನೀನು ತಂದ ಚೌಕಾಬಾರ

ನಮ್ಮನೆಯವಳೇ,

ಅರವತ್ತನಾಲ್ಕಕ್ಕೆ ಬಂದು ಮತ್ತೆ ನಿಂತುಹೋಯಿತು ಅನ್ನುವಲ್ಲಿಗೆ ನಿನ್ನೆಯ ಕಾಗದ ನಿಲ್ಲಿಸಿದ್ದೆ, ಅಲ್ಲವಾ? ಅಲ್ಲಿಂದಲೇ ಹೇಳುತ್ತೇನೆ. ನೀನು ಹೋದಮೇಲೆ ಇದೇ ಮೊದಲ ಸಲ ಆ ಚೌಕಾಬಾರದ ಸಿ.ಡಿ.ಯನ್ನು ಕಂಪ್ಯೂಟರಿಗೆ ಹಾಕಿದ್ದು. ನೂರಕ್ಕೆ ಎಷ್ಟಾಯಿತು ಅಂತ ತೋರಿಸುವ ನೀಲಿ ಪಟ್ಟಿ ತೊಟ್ಟಿಯಲ್ಲಿ ನೀರು ಏರಿದ ಹಾಗೆ ಮೆಲ್ಲಗೆ ಏರುತ್ತದೆ. ನೋಡುತ್ತಾ ನೋಡುತ್ತಾ ನನಗೂ ಜೊಂಪು ಹತ್ತುತ್ತದೆ. ಅರವತ್ತನಾಲ್ಕು ಮುಟ್ಟಿದ್ದೇ ತಡ, ಡಬ್ಬದೊಳಗೆ ಏನೋ ಕೊರಕೊರ ಅಂತ ಗೊಣಗಿ, ಇಂಗ್ಲಿಷಿನಲ್ಲಿ ಒಂದು ಸಾಲು ಬರುತ್ತದೆ. ಫೇಟಲ್ ಎರರ್ ಅಂತೆ. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಈ 'ಫೇಟಲ್' ಅನ್ನುವ ಪದ ಬಂದಾಗೆಲ್ಲ ಕನ್ನಡಕ ತೆಗೆದು ಕಿಟಕಿಯಾಚೆ ನೋಡುತ್ತಿದ್ದರು. ಅಷ್ಟು ಚೆನ್ನಾಗಿ ನೆನಪಿದೆ. ಅರ್ಥ ಏನು ಹೇಳಿದರೋ, ಅದು ಮಾತ್ರ... ಸಾವಿಗೆ ಸಂಬಂಧಪಟ್ಟದ್ದು ಅಂತ ಕಾಣುತ್ತೆ. ಕವಡೆ ಆಟಕ್ಕೆ ಅಷ್ಟು ದೊಡ್ಡ ಮಾತು ಯಾಕೆ ಬೇಕಿತ್ತು ಹೇಳು?

ನೀನು ಅದನ್ನು ವಸ್ತುಪ್ರದರ್ಶನದಿಂದ ತಂದ ಸಂಜೆ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದು ಕೈಯಲ್ಲಿ ಮೊರದಗಲ ಹಪ್ಪಳ, ಇನ್ನೊಂದರಲ್ಲಿ ಈ ಚಪ್ಪಟೆ ಡಬ್ಬಿ. "ಏನ್ರೀ, ಚೌಕಾಬಾರ ಕಣ್ರೀ! ಕಂಪ್ಯೂಟರ್‌ನಲ್ಲಿ ಆಡೋದಂತೆ!" ಅಂದೆ. ಮಗಳು ಶೈಲಾ ಮದುವೆಯಾಗಿ ಬನ್ನಿಮಂಟಪಕ್ಕೆ ಹೋಗುವಾಗ ಬಿಟ್ಟುಹೋಗಿದ್ದ ಆ ಯಂತ್ರ, ನೀನು ಹೊಲಿದ ಹೂವಿನ ಕವರಿನೊಳಗೆ ಮಲಗಿಬಿಟ್ಟಿತ್ತು. "ನೆಲದ ಮೇಲೆ ಕೂತ್ರೆ ಏಳೋಕೆ ಮಂಡಿ ಬಿಡಲ್ಲ. ಇದಾದ್ರೆ ಕುರ್ಚಿ ಮೇಲೆ ಕೂತೇ ಆಡ್ಬಹುದು. ನೀವೂ ಒಂದು ಕೈ ಬನ್ನಿ." ನಾನು ಪೇಪರಿನಿಂದ ತಲೆ ಎತ್ತಿದೆನಾ? ಎತ್ತಿದ್ದೆ ಅಂತಲೇ ನಂಬಿಕೊಂಡಿದ್ದೇನೆ.

ಆಮೇಲೆ ಒಂದು ಬೆಳಗ್ಗೆ ನಾನು ಅದನ್ನು ಕಂಪ್ಯೂಟರಿಗೆ ಹಾಕಲು ಕೂತದ್ದೂ ನೆನಪಿದೆ. ಆಯುಧಪೂಜೆ ಮುಗಿದಿತ್ತು, ವಿಜಯದಶಮಿ, ಹೊಸದು ಶುರುಮಾಡಲು ಒಳ್ಳೆಯ ದಿನ ಅಂತ ನೀನೇ ಎಬ್ಬಿಸಿದೆ. ಮೊದಲು ತಿರುವುಮುರುವು ಇಟ್ಟೆ. ಶೈಲಾಗೆ ಫೋನ್ ಮಾಡಿದರೆ, "ಅಯ್ಯೋ ಅಪ್ಪಾ, ಹೊಳೆಯೋದು ಕೆಳಗಡೆ!" ಅಂದಳು. ತಿರುಗಿಸಿಟ್ಟೆ. ಅರವತ್ತನಾಲ್ಕು. ಇನ್ನೊಂದು ಸಲ. ಅರವತ್ತನಾಲ್ಕು. ನೀನು ಹಿಂದೆ ನಿಂತು, "ಅದೇನೋ ಕೇಳ್ತಿದೆಯಲ್ರೀ, ಏನಂತ?" ಅಂದೆ. ನನಗೆ ಅರ್ಥವಾಗಿದ್ದರೆ ತಾನೇ? ಅರ್ಥವಾಗಲಿಲ್ಲ ಅನ್ನಲು ನಾಲಿಗೆ ಏಳಲಿಲ್ಲ. "ಸುಳ್ಳು ಸಿ.ಡಿ. ಅಂತಿದೆ. ಖಾಲಿ ತಟ್ಟೆ ಕೊಟ್ಟು ನಿನಗೆ ಟೋಪಿ ಹಾಕಿ ಕಳಿಸಿದ್ದಾರೆ," ಅಂದುಬಿಟ್ಟೆ. ನೀನು "ಹೌದಾ" ಅಂದೆ. ಅಷ್ಟೇ.

ಅದೇ ಸಂಜೆ ಪಂಜಿನ ಕವಾಯತು ನೋಡಲು ಶೈಲಾ ಮನೆಗೆ ಹೋದೆವಲ್ಲ, ಅಲ್ಲಿ ಬೀಗರು, ಬೀಗಿತ್ತಿ, ಅಕ್ಕಪಕ್ಕದವರು ಎಲ್ಲ ಸೇರಿದ್ದರು. ನಾನು ಸುಮ್ಮನಿರಬಾರದಿತ್ತಾ? "ನಮ್ಮನೆಯವರು ಹಪ್ಪಳದ ಜೊತೆ ಇನ್ನೊಂದು ಹಪ್ಪಳ ತಂದಿದ್ದಾರೆ, ಇದು ಹೊಳೆಯುತ್ತೆ, ಆದರೆ ಮುರಿಯೋಕೆ ಬರಲ್ಲ!" ಅಂದೆ. ಎಲ್ಲರೂ ನಕ್ಕರು. ಬೀಗರಂತೂ ಹೊಟ್ಟೆ ಹಿಡಿದುಕೊಂಡರು. ನೀನೂ ನಕ್ಕು, ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಕವಾಯತು ಮುಗಿದು ಜನ ಚದುರುವಾಗ, "ಮಂಡಿ ನೋಯ್ತಿತ್ತು, ಅಲ್ಲೇ ಕೂತಿದ್ದೆ" ಅಂದೆ. ಮಾರನೇ ದಿನ ಡಬ್ಬಿ ಬೀರುವಿನಲ್ಲಿ ಸೀರೆಗಳ ಹಿಂದೆ ಹೋಯಿತು. ಆಮೇಲೆ ಚೌಕಾಬಾರ ಅನ್ನುವ ಮಾತು ನಿನ್ನ ಬಾಯಲ್ಲಿ ಬರಲೇ ಇಲ್ಲ. ಮುಂದಿನ ದಸರಾ ಹೊತ್ತಿಗೆ ನೀನೇ...

ಇವತ್ತು ಬೆಳಗ್ಗೆ ಅದನ್ನು ಜೋಳಿಗೆಯಲ್ಲಿ ಹಾಕಿಕೊಂಡು ರಾಜೀವನಗರದ ಬಸ್ಸು ಹತ್ತಿದೆ. ನಮ್ಮ ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದ ನಜೀರ್ ಸಾಹೇಬರು ನೆನಪಿದ್ದಾರಾ? ಈಗ ಕಂಪ್ಯೂಟರನ್ನೂ ಬಿಚ್ಚುತ್ತಾರೆ. ಸಿ.ಡಿ.ಯನ್ನು ಬಾಗಿಲ ಬಿಸಿಲಿಗೆ ಹಿಡಿದರು. ಅಂಗಡಿಯ ಗೋಡೆ ಮೇಲೆಲ್ಲ ಕಾಮನಬಿಲ್ಲಿನ ಬಣ್ಣ ಹರಡಿಕೊಂಡು ನಡುಗುತ್ತಾ ನಿಂತಿತು, ಕನಸಿನಲ್ಲಿ ನೀರು ನೋಡಿದ ಹಾಗೆ. ಆ ಬಣ್ಣದೊಳಗೆ ಒಂದು ಕಡೆ ಕಪ್ಪು ಚುಕ್ಕಿ. ಅವರು ಸಿ.ಡಿ. ಆಡಿಸಿದರೆ ಚುಕ್ಕಿಯೂ ಗೋಡೆ ಮೇಲೆ ಓಡಾಡುತ್ತದೆ.

"ಸಾರ್, ಈ ಬೊಟ್ಟು ಯಾರಿಟ್ಟಿದ್ದು?"

"ನಮ್ಮ ಮನೆಯವರು. ಆಯುಧಪೂಜೆಗೆ."

"ಮತ್ತೆ ಇನ್ನೇನು ಸಾರ್, ಮೆಷಿನ್ ಓದೋದೇ ಈ ಕಡೆ! ಕನ್ನಡಕದ ಮೇಲೆ ಕುಂಕುಮ ಹಚ್ಚಿ ಪೇಪರ್ ಓದು ಅಂದ್ರೆ ನೀವು ಓದ್ತೀರಾ?" ಅಂತ ಜೋರಾಗಿ ನಕ್ಕರು. "ಸಿ.ಡಿ. ಫಸ್ಟ್ ಕ್ಲಾಸಾಗಿದೆ. ಒರೆಸಿದ್ರೆ ಎರಡು ನಿಮಿಷದ ಕೆಲಸ. ಅಮ್ಮಾವ್ರನ್ನ ಒಂದು ಮಾತು ಕೇಳ್ಬುಡಿ, ಪೂಜೆದು ನೋಡಿ."

"ಅವರಿಲ್ಲ ಸಾಹೇಬ್ರೇ," ಅಂದೆ.

ಕೈಗೆ ಎತ್ತಿಕೊಂಡಿದ್ದ ಬಟ್ಟೆಯನ್ನು ಹಾಗೇ ಕೆಳಗಿಟ್ಟರು. "ಹಂಗಾದ್ರೆ ನಾನು ಮುಟ್ಟಲ್ಲ ಸಾರ್. ನೀವೇ ಮನೇಲಿ ನಿಧಾನಕ್ಕೆ... ಒದ್ದೆ ಬಟ್ಟೇಲಿ, ಮಧ್ಯದಿಂದ ಅಂಚಿಗೆ. ಸುತ್ತ ಉಜ್ಜಬೇಡಿ," ಅಂತ ಒಂದು ಕವರಿಗೆ ಹಾಕಿ ಕೊಟ್ಟರು.

ಬಸ್ಸಿನಲ್ಲಿ ಬರುವಾಗ ಪೂಜೆಯ ದಿನವೇ ಕಣ್ಮುಂದೆ. ಆ ಬೊಟ್ಟನ್ನು ನಾನು ಅವತ್ತೇ ನೋಡಿದ್ದೆ ಕಣೇ. ನೋಡಿದ್ದರೂ ಅದು ಲೆಕ್ಕಕ್ಕೇ ಬರಲಿಲ್ಲ. ಕತ್ತರಿ, ಹೊಲಿಗೆ ಮಿಷನ್ನು, ಸ್ಕೂಟರ್, ಫ್ರಿಜ್ಜು, ನಮ್ಮ ಮನೆಯಲ್ಲಿ ಕುಂಕುಮ ಇಲ್ಲದ ವಸ್ತು ಯಾವುದಿತ್ತು? ಪೂಜೆಯ ಕುಂಕುಮ ತಾನಾಗಿ ಮಾಸಬೇಕೇ ಹೊರತು ಒರೆಸುವ ಪದ್ಧತಿ ನಮ್ಮಲ್ಲಿ ಎಲ್ಲಿದೆ? ನಾನು ಇಳಿಯಬೇಕಾದ ಸರಸ್ವತಿಪುರಂ ಸ್ಟಾಪು ದಾಟಿಹೋದದ್ದೂ ಗೊತ್ತಾಗಲಿಲ್ಲ. ಯಾಕೆಂದರೆ ಇನ್ನೊಂದು ನೆನಪಾಗಿತ್ತು. ನೀನು ಸಿ.ಡಿ.ಯನ್ನು ಮಣೆಯ ಮೇಲೆ ಇಟ್ಟದ್ದು ಚಿತ್ರವಿರುವ ಕಡೆ ಮೇಲೆ ಮಾಡಿ. ಸರಿಯಾಗಿಯೇ ಇಟ್ಟಿದ್ದೆ. ತಿರುಗಿಸಿದ್ದು ನಾನು. "ಹೊಳೆಯೋದೇ ಅದರ ಮುಖ ಕಣೇ, ಮುಖಕ್ಕಲ್ವಾ ಕುಂಕುಮ ಇಡೋದು?" ಅಂದಿದ್ದೆ, ಎಲ್ಲ ಬಲ್ಲವನ ಹಾಗೆ. "ನಿಮಗೆ ಗೊತ್ತಿರುತ್ತೆ ಬಿಡಿ" ಅಂತ ನೀನು ಉಂಗುರದ ಬೆರಳಿನಲ್ಲಿ ಅರಿಶಿನ ಇಟ್ಟು, ಅದರ ಮೇಲೆ ಕುಂಕುಮ ಒತ್ತಿದೆ.

ಮಧ್ಯಾಹ್ನವೆಲ್ಲ ಕಿಟಕಿ ಹತ್ತಿರ ಅದನ್ನು ಹಿಡಿದುಕೊಂಡೇ ಕೂತಿದ್ದೆ. ಬೊಟ್ಟಿನಲ್ಲಿ ನಿನ್ನ ಬೆರಳಿನ ಗೆರೆಗಳಿವೆ. ಭೂತಗನ್ನಡಿ ಹಿಡಿದರೆ ಗದ್ದೆಯ ಬದುಗಳ ಹಾಗೆ ಒಂದರ ಪಕ್ಕ ಒಂದು. ಮನೆಯಲ್ಲಿ ಉಳಿದ ಕುಂಕುಮವೆಲ್ಲ ಮಾಸಿಹೋಗಿದೆ. ಡಬ್ಬಿಯೊಳಗಿದ್ದ ಇದೊಂದು ಉಳಿದಿದೆ. ಇದನ್ನು ಹಾಗೇ ಇಟ್ಟುಕೊಂಡರೆ ನಿನ್ನ ಬೆರಳು ನನ್ನ ಹತ್ತಿರ ಇರುತ್ತದೆ. ಆದರೆ ನಿನ್ನ ಸಿ.ಡಿ. ಸುಳ್ಳಾಗಿಯೇ ಇರುತ್ತದೆ. ಯಾವುದು ಬೇಕು ನಿನಗೆ? ಕೇಳಿದೆ. ಬಣ್ಣ ಚಾವಣಿ ಮೇಲೆ ಅಲುಗಾಡುತ್ತಿತ್ತು. ನಿದ್ದೆ ಬಂತೋ ಏನೋ, ಎದ್ದಾಗ ಬಣ್ಣ ಮೂಲೆಗೆ ಜಾರಿತ್ತು.

ಪಂಚೆಯ ತುದಿ ಒದ್ದೆ ಮಾಡಿಕೊಂಡು ಒರೆಸಿಬಿಟ್ಟೆ ಕಣೇ. ಮಧ್ಯದಿಂದ ಅಂಚಿಗೆ. ಮೊದಲು ಕೆಂಪು ಬಂತು, ಆಮೇಲೆ ಹಳದಿ. ಮೂರೇ ಎಳೆತ.

ಮತ್ತೆ ಕಂಪ್ಯೂಟರಿಗೆ ಹಾಕಿದೆ. ಅರವತ್ತನಾಲ್ಕು ಬಂತು. ಕೊರಕೊರ ಅನ್ನಲಿಲ್ಲ. ಅರವತ್ತೈದು. ಕುರ್ಚಿಯಿಂದ ಎದ್ದು ನಿಂತೆ. ನೂರಾಗುವ ತನಕ ನಿಂತೇ ಇದ್ದೆ. ಚೌಕಾಬಾರ ಬಂತು! ಇಪ್ಪತ್ತೈದು ಮನೆ, ಕಟ್ಟೆಗಳು, ನಾಲ್ಕು ಕವಡೆ, ಎಲ್ಲ ಇದೆ. ಕವಡೆ ಮಾತ್ರ ಹಸಿರು. ಯಾವ ಊರಲ್ಲಿ ಹಸಿರು ಕವಡೆ ನೋಡಿದ್ದಾರೋ ಮಹಾನುಭಾವರು! ಒಂದು ಕೈ ಆಡಿದೆ. ಹಣ್ಣಾಗಲು ಎರಡೇ ಮನೆ ಇದ್ದ ನನ್ನ ಕಾಯಿಯನ್ನು ಯಂತ್ರ ಕಡಿದುಹಾಕಿತು. "ಅಯ್ಯೋ ನಿನ್ನ!" ಅಂತ ಕೂಗಿದೆ. ಈ ಮನೆಯಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿ ಎಷ್ಟು ದಿನವಾಗಿತ್ತೋ. ನೀನಿದ್ದಿದ್ದರೆ ಯಾರ ಪಕ್ಷ? ಯಂತ್ರದ್ದೇ, ಗೊತ್ತು ನನಗೆ.

ಶೈಲಾಗೆ ಫೋನ್ ಮಾಡಿ ಎಲ್ಲ ಹೇಳಿದೆ. ತಿರುಗಿಸಿಟ್ಟವನು ನಾನು ಅನ್ನುವುದನ್ನೂ. ಎಲ್ಲ ಕೇಳಿಸಿಕೊಂಡಳು. ಆಮೇಲೆ, "ಅಮ್ಮ ಅವತ್ತು ಅಡುಗೆಮನೇಲಿ ಅತ್ತಿದ್ದು ನಿಮಗೆ ಗೊತ್ತಾ ಅಪ್ಪಾ?" ಅಂದಳು. ಗೊತ್ತಿತ್ತು. ಈಗ ನಿನಗೆ ಹೇಳುತ್ತಿದ್ದೇನೆ, ಅವತ್ತೇ ಗೊತ್ತಿತ್ತು. ಈ ದಸರಾಕ್ಕೆ ಅದೇ ಮನೆಗೆ ಹೋಗುತ್ತೇನೆ. ಅದೇ ಬೀಗರ ಮುಂದೆ, ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ. ಅವರು ನನ್ನನ್ನು ನೋಡಿ ನಗಲಿ.

ಬೆಳಕು ಹೋಗುತ್ತಿದೆ. ಬರೆದ ಸಾಲಿನ ಮೇಲೇ ಬರೆಯುತ್ತಿದ್ದೇನೋ ಏನೋ, ಸರಿಯಾಗಿ ಕಾಣುತ್ತಿಲ್ಲ. ಇದೊಂದನ್ನು ಮಾತ್ರ ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ, ಓದಿಕೋ. ತಪ್ಪು ನನ್ನದು ಕಣೇ. ನೀನು ತಂದದ್ದು ಸರಿಯಾಗಿತ್ತು.