ಪಾಠದಲ್ಲಿ ಹೇಳಿಲ್ಲ

ಮನೆ, ಅಡುಗೆಮನೆಯ ಮೇಜು
ಮಾರ್ಚ್ ೧೨, ಮಂಗಳವಾರ ಸಂಜೆ

ಪ್ರೀತಿಯ ನಮ್ಮನೆಯವರಿಗೆ,

ಮೊಣಕಾಲು ಹೇಗಿದೆ? ಲಿಫ್ಟ್ ರಿಪೇರಿ ಮಾಡುವವರೇ ಮೆಟ್ಟಿಲು ಹತ್ತಿ ಹತ್ತಿ ಕಾಲು ಕೆಡಿಸಿಕೊಂಡಿದ್ದೀರೆಂದರೆ ಯಾರಾದರೂ ನಕ್ಕಾರು. ನಾನು ಕೊಟ್ಟ ಪಟ್ಟಿ ಕಟ್ಟಿಕೊಳ್ಳಿ, ಅದನ್ನು ಪೆಟ್ಟಿಗೆಯಲ್ಲಿಟ್ಟರೆ ನೋವು ಹೋಗುವುದಿಲ್ಲ. ನಾವಿಬ್ಬರೂ ಚೆನ್ನಾಗಿದ್ದೇವೆ. ಮಗಳು ನನ್ನ ಭುಜದವರೆಗೆ ಬೆಳೆದಿದ್ದಾಳೆ, ಅವಳ ಮಾತು ಮಾತ್ರ ನನ್ನ ತಲೆ ದಾಟಿದೆ.

ಈಗ ಸುದ್ದಿ. ಇಂಗ್ಲಿಷ್ ಪರೀಕ್ಷೆ ಪಾಸಾದೆ! ನಿಮ್ಮಲ್ಲಿಗೆ ಬರುವ ವೀಸಾ ಅರ್ಜಿಗೆ ಇದೊಂದೇ ಬಾಕಿಯಿತ್ತು. ಹೋದ ಸಲ ಓದುವ ಭಾಗದಲ್ಲಿ ಫೇಲಾದೆ ಎಂದಷ್ಟೇ ಬರೆದಿದ್ದೆ, ಯಾಕೆಂದು ಹೇಳಲು ನಾಚಿಕೆಯಾಗಿತ್ತು. ಒಂದು ಪಾಠ ಕೊಟ್ಟು ಕೆಳಗೆ ಹೇಳಿಕೆಗಳನ್ನು ಕೊಡುತ್ತಾರೆ. ಅವು ಪಾಠದ ಪ್ರಕಾರ ಸರಿಯೋ, ತಪ್ಪೋ, ಇಲ್ಲ ‘ಪಾಠದಲ್ಲಿ ಹೇಳಿಲ್ಲ’ವೋ ಗುರುತು ಹಾಕಬೇಕು. ಅದರಲ್ಲಿ ಒಬ್ಬ ಅಡುಗೆಯವನು ಸುಟ್ಟ ಕೈಗೆ ಬೆಣ್ಣೆ ಹಚ್ಚಿಕೊಂಡ, ಎರಡೇ ದಿನದಲ್ಲಿ ವಾಸಿಯಾಯಿತಂತೆ. ‘ಗಾಯ ಎರಡು ದಿನದಲ್ಲಿ ಮಾಯಿತು’ ಎಂಬ ಹೇಳಿಕೆಗೆ ನಾನು ಒತ್ತಿ ‘ತಪ್ಪು’ ಎಂದು ಗುರುತು ಹಾಕಿ ಬಂದೆ. ಹದಿನಾಲ್ಕು ವರ್ಷದಿಂದ ಸುಟ್ಟಗಾಯದ ವಾರ್ಡಿನ ನರ್ಸ್ ನಾನು, ಬೆಣ್ಣೆ ಮೆತ್ತಿಕೊಂಡು ಬಂದ ಕೈಗಳನ್ನು ತೊಳೆದು ತೊಳೆದು ಸಾಕಾಗಿದೆ! ಟ್ಯೂಷನ್ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕು, “ವಾರ್ಡನ್ನ ಬಾಗಿಲಲ್ಲೇ ಬಿಟ್ಟು ಬನ್ನಿ ಸಿಸ್ಟರ್, ಹಾಳೇಲಿ ಏನಿದೆಯೋ ಅಷ್ಟೇ ನೋಡಿ” ಅಂದರು.

ಟ್ಯೂಷನ್ನಿನಲ್ಲಿ ಕೊಟ್ಟ ಇನ್ನೊಂದು ಪಾಠದಲ್ಲಿ ಹೊಸ ಕೋಟು ತೊಟ್ಟವನೊಬ್ಬ ಮನೆಯವರನ್ನು ಬಿಟ್ಟು ರೈಲು ಹತ್ತುತ್ತಾನೆ. ‘ಅವನಿಗೆ ಹೊರಡಲು ಖುಷಿಯಾಗಿತ್ತು.’ ನೀವು ಹೊರಟ ದಿನ ತೊಟ್ಟಿದ್ದ ಹೊಸ ಕೋಟನ್ನು ನೆನೆದು ‘ಸರಿ’ ಎಂದೆ. ಉತ್ತರ ‘ಹೇಳಿಲ್ಲ’. ಅಂದು ಮನೆಗೆ ಬಂದು ಅತ್ತುಬಿಟ್ಟೆ. ಎರಡು ವರ್ಷ ನಿಮ್ಮ ಮೇಲೆ ಸಾಕಿಕೊಂಡಿದ್ದ ಸಿಟ್ಟಿಗೆ ಆಧಾರ ಒಂದು ಕೋಟು ಮಾತ್ರ, ನೋಡಿ.

ಈಗ ನನ್ನನ್ನು ಯಾಮಾರಿಸಲಾಗದು. ಅಳಿಯ ಅಲ್ಲ, ಮಗಳ ಗಂಡ ಅನ್ನುವಂತೆ ಅದೇ ಮಾತನ್ನು ತಿರುಗಿಸಿ ಹೇಳುವ ಹೇಳಿಕೆಗಳ ಮೇಲೆ ಕಣ್ಣು ಹಾಯಿಸಿದರೆ ಸಾಕು, ಹಿಡಿಯುತ್ತೇನೆ. ‘ಎಲ್ಲರೂ’, ‘ಯಾವಾಗಲೂ’ ಕಂಡರೆ ಎರಡು ಸಲ ಓದುತ್ತೇನೆ. ಆ ಭಾಗದಲ್ಲಿ ಹತ್ತಕ್ಕೆ ಹತ್ತು! ಮಗಳಿಗೂ ಈ ಹುಚ್ಚು ಅಂಟಿದೆ. ಅಡುಗೆ ಹೇಗಿದೆ ಎಂದರೆ ತಟ್ಟೆ ನೋಡಿ “ಪಾಠದಲ್ಲಿ ಹೇಳಿಲ್ಲಮ್ಮಾ” ಅನ್ನುತ್ತಾಳೆ. ಕೆಲಸ ಬಿಡುವ ಪತ್ರವನ್ನೂ ಬರೆದು ಮೇಜಿನ ಖಾನೆಯಲ್ಲಿಟ್ಟಿದ್ದೇನೆ, ಕೊಡುವುದೊಂದು ಬಾಕಿ.

ಬೆಚ್ಚಗಿರಿ. ಮೊಣಕಾಲನ್ನು ನಾನು ವಿಚಾರಿಸಿದೆನೆಂದು ಹೇಳಿ. ಮಗಳ ಮುತ್ತುಗಳು ಲಕೋಟೆಯ ಒಳಗಿವೆ, ಹುಷಾರಾಗಿ ಒಡೆಯಿರಿ.

ಪಾಸಾದ ನಿಮ್ಮ ಹೆಂಡತಿ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ನಿನ್ನೆ ನಿಮ್ಮ ಹನ್ನೊಂದು ಪತ್ರಗಳನ್ನೂ ಪೆನ್ಸಿಲ್ ಹಿಡಿದು ಓದಿದೆ. ಹೇಳಿಕೆ: ‘ಹೆಂಡತಿ, ಮಗಳು ತಮ್ಮ ಹತ್ತಿರ ಬರಲಿ ಎಂದು ಇವರಿಗೆ ಆಸೆಯಿದೆ.’ ಚಳಿಯ ಬಗ್ಗೆ ಇದೆ, ಬಸ್ಸಿನ ಬಗ್ಗೆ ಇದೆ, ಪಕ್ಕದ ಕೋಣೆಯವನ ಗೊರಕೆಯ ಬಗ್ಗೆ ಒಂದೂವರೆ ಪುಟ ಇದೆ. ಇದು ಇಲ್ಲ. ‘ಸರಿ’ ಎಂದೇ ನನಗೆ ಗೊತ್ತು, ಆದರೆ ಗೊತ್ತಿದ್ದುದನ್ನು ನಂಬಿ ಒಮ್ಮೆ ಫೇಲಾದವಳು ನಾನು. ಅರ್ಜಿಗೆ ಮುಂದಿನ ತಿಂಗಳ ಹತ್ತು ಕೊನೆಯ ದಿನ. ಜೊತೆಗಿಟ್ಟಿರುವ ಚೀಟಿಯಲ್ಲಿ ಗುರುತು ಹಾಕಿ ಕಳಿಸಿ. ಮೂರನೆಯ ಉತ್ತರವನ್ನು ನಾನೇ ಹೊಡೆದುಹಾಕಿದ್ದೇನೆ.