ಘೋಷಣೆಗೆ ಬಿದ್ದ ನಾಲ್ಕು ಅಂಕ

ಟುರ್ದಾ
1985 ಏಪ್ರಿಲ್ 21, ಭಾನುವಾರ

ಪ್ರೀತಿಯ ಲಿಯೊಂತಿನಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಕಡಲ ಗಾಳಿ ಕೀಲಿಗೆ ಒಳ್ಳೆಯದು ಎಂದ ವೈದ್ಯರು ಕಡಲ ಪಕ್ಕ ಎಂದೂ ಮನೆ ಮಾಡಿದವರಲ್ಲ. ಭಾವನವರು ಹಡಗಿನಿಂದ ಇಳಿದರೇ? ನಾವು ಚೆನ್ನಾಗಿದ್ದೇವೆ. ಬೆಳಿಗ್ಗೆ ಮೊಟ್ಟೆಗೆ ಸರತಿ, ಸಂಜೆ ದೀಪವಿಲ್ಲದ ಗತಿ, ನಡುವೆ ಮಕ್ಕಳಿಗೆ ವಿಭಕ್ತಿ. ನನ್ನ ಪ್ರಾಸದ ಚಾಳಿ ನಿನಗೆ ಗೊತ್ತಲ್ಲ. ಈ ಪತ್ರ ಅಂಚೆಯಲ್ಲಿ ಬರುತ್ತಿಲ್ಲ. ರೈಲಿನಲ್ಲಿ ಟಿಕೆಟ್ ನೋಡುವ ಫ್ಲೋರಿಕಾ ಕೈಯಲ್ಲಿ, ನನ್ನಾಕೆ ಸಾಂಡಾ ಕಾಯಿಸಿದ ಪ್ಲಮ್ ಜಾಮಿನ ಜೊತೆ ಬರುತ್ತಿದೆ. ಜಾಮು ಆಮೇಲೆ ತಿನ್ನು, ಇದನ್ನು ಮೊದಲು ಓದು.

ಮೇ ಒಂದರ ಮೆರವಣಿಗೆಗೆ ನಮ್ಮ ಶಾಲೆ ಹೊರುವ ಕೆಂಪು ಬಟ್ಟೆಗಳ ಮೇಲೆ ಅಕ್ಷರ ಬರೆಯುವವಳು ಚಿತ್ರಕಲೆಯ ವೆತೂರಿಯಾ, ನನ್ನ ಹಳೆಯ ವಿದ್ಯಾರ್ಥಿನಿ. ಘೋಷಣೆಗಳ ಪಟ್ಟಿ ಜಿಲ್ಲೆಯಿಂದ ಬಂದು ಉಪಾಧ್ಯಾಯರ ಕೋಣೆಯ ಮೊಳೆಗೆ ನೇತುಬೀಳುತ್ತದೆ. ಭಾಷೆ ಕಲಿಸುವ ನಾವು ಮೂವರು ಅದರ ಮೇಲೆ ಕಣ್ಣಾಡಿಸಬೇಕು. ಈ ಸಲದ ಮೊದಲ ಘೋಷಣೆಯಲ್ಲಿ ಹನ್ನೊಂದು ಪದ, ಒಂದೂ ಕ್ರಿಯಾಪದವಿಲ್ಲ. ಯಾರು ಏನು ಮಾಡುತ್ತಿದ್ದಾರೆಂದು ಕೊನೆಯವರೆಗೂ ತಿಳಿಯುವುದಿಲ್ಲ. ಇದನ್ನು ಹೇಳಿದಾಗ ವೆತೂರಿಯಾ ನಕ್ಕಳು. "ಸರ್, ಘೋಷಣೆ ಅಂದ್ರೆ ಕೂಗು. ಕಾಲು ಮುರ್ಕೊಂಡೋನು 'ಅಯ್ಯೋ' ಅಂದ್ರೆ ಕ್ರಿಯಾಪದ ಎಲ್ಲಪ್ಪಾ ಅಂತ ಕೇಳ್ತೀರಾ?" ಪುಸ್ತಕದ ಹೆಸರಿಗೆ ಇಲ್ಲದ ವ್ಯಾಕರಣ ಬಟ್ಟೆಗೇಕೆ ಎಂದು ವಾದ ಹೂಡಿದಳು. "ಪುಸ್ತಕದ ಹೆಸರು ಅರೆಬರೆ ಇದ್ರೂ ಒಳಗೆ ಪೂರ್ತಿ ವಾಕ್ಯ ಇರ್ತಾವಮ್ಮ. ಈ ಬಟ್ಟೆ ಹಿಂದೆ ಏನಿದೆ?" ಎಂದೆ ನಾನು. ಅಂದ ಮೇಲೆ ಇಬ್ಬರೂ ಬಾಗಿಲ ಕಡೆ ನೋಡಿದೆವು.

ಅದೇ ಮಧ್ಯಾಹ್ನ ಮಕ್ಕಳ ಪ್ರಬಂಧ ತಿದ್ದುತ್ತಿದ್ದೆ. ಪಟ್ಟಿಯೂ ಅದೇ ರಾಶಿಯಲ್ಲಿತ್ತು. ಮನಸ್ಸು ಸಾಂಡಾ ನಿಂತಿದ್ದ ಸರತಿಯಲ್ಲಿತ್ತು, ಕೈ ತನ್ನ ಪಾಡಿಗೆ ಕೆಲಸ ಮಾಡಿತು. ಹದಿನೆಂಟು ವರ್ಷ ತಿದ್ದಿದ ಕೈ ಅಕ್ಕಾ. ಮೊದಲ ಘೋಷಣೆಗೆ ಕೆಂಪು ಗೆರೆ ಎಳೆದು, ಅಂಚಿನಲ್ಲಿ ಹತ್ತಕ್ಕೆ 4 ಎಂದು ಅಂಕ ಹಾಕಿ, ನಾನೇ ಎದ್ದು ಹೋಗಿ ಮೊಳೆಗೆ ಸಿಕ್ಕಿಸಿ ಬಂದೆ. ಎರಡು ದಿನ ಅಲ್ಲೇ ನೇತಾಡಿತು. ಯಾರೂ ನೋಡಲಿಲ್ಲ. ಘೋಷಣೆಯನ್ನು ಯಾರು ಓದುತ್ತಾರೆ!

ಓದಿದವರು ಪಕ್ಷದ ಕಾರ್ಯದರ್ಶಿ ಪೊಂಪಿಲ್ಯು. ಆ ಹನ್ನೊಂದು ಪದ ರಾಜಧಾನಿಯ ದೊಡ್ಡವರು ತಮ್ಮ ಭಾಷಣದಲ್ಲಿ ಸ್ವತಃ ಆಡಿದ್ದಂತೆ. ಕೋಣೆಗೆ ನಗುತ್ತಲೇ ಬಂದರು. "ಏನ್ ಮೇಷ್ಟ್ರುಗಳೇ, ಇಡೀ ದೇಶ ಎದ್ದು ನಿಂತು ಚಪ್ಪಾಳೆ ತಟ್ಟಿದ ಮಾತು ನಮ್ಮೂರಲ್ಲಿ ಫೇಲಂತೆ! ಪಾಸಾಗೋಕೆ ಇನ್ನೊಂದೇ ಒಂದು ಅಂಕ ಬೇಕಿತ್ತಂತೆ!" ಒಬ್ಬಿಬ್ಬರು ನಕ್ಕರು, ಅರ್ಧಕ್ಕೇ ನಿಲ್ಲಿಸಿದರು. "ಯಾರದಿದು?" ನಾನು ಮುಂದಿನ ಪ್ರಬಂಧ ತೆರೆದೆ.

ಗುರುವಾರ ಗುಪ್ತ ಪೊಲೀಸರು ಇಬ್ಬರು ಬಂದರು. ಬೂದು ಕೋಟು, ಮೆಲು ಮಾತು. ನಮ್ಮ ಇಪ್ಪತ್ತಾರು ಜನರ ಕೈಲೂ ಒಂದೊಂದು ಹಾಳೆಯಲ್ಲಿ ಇಪ್ಪತ್ತು ಸಲ 4 ಬರೆಸಿದರು. ನನ್ನ ನಾಲ್ಕು ಮೊದಲಿನಿಂದಲೂ ತಲೆ ತೆರೆದದ್ದು, ಮೇಲೆ ಗೆರೆಗಳು ಕೂಡುವುದಿಲ್ಲ. ಅಂದು ಇಪ್ಪತ್ತು ಸಲವೂ ಮುಚ್ಚಿ ಬರೆದೆ. ಒಂದು ಸಲವೂ ತಪ್ಪಲಿಲ್ಲ; ನಾಚಿಕೆಯೆಂದರೆ ಅದೇ. ವೆತೂರಿಯಾ ಎಂದಿನಂತೆ ಬರೆದಳು. ಅವಳು ಬರೆಯುವುದನ್ನು ಕಲಿತದ್ದು ನನ್ನ ಕರಿಹಲಗೆ ನೋಡಿ. ಅವಳ ನಾಲ್ಕು, ಗೆರೆಗೆ ಗೆರೆ, ನನ್ನದೇ.

ಶುಕ್ರವಾರ ಅವಳನ್ನು ಕರೆಸಿಕೊಂಡರು. ಶನಿವಾರ ಮತ್ತೆ ಕರೆಸಿಕೊಂಡರು. ಆ ಅಂಕ ಯಾರದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಹಿಂದಿರುಗಿದವಳು ಕುಂಚ ತೊಳೆದು, "ಸರ್, ಬಟ್ಟೆ ಒಣಗಿದೆ, ಮಡಿಚೋಕೆ ಒಂದು ತುದಿ ಹಿಡ್ಕೋತೀರಾ?" ಎಂದಳು, ಅಷ್ಟೇ. ಹಿಡಿದುಕೊಂಡೆ. ತಲೆ ಎತ್ತಲಿಲ್ಲ.

ನಾನು ಮನೆಗೆ ಹೊರಡುವಾಗ ಪೊಂಪಿಲ್ಯು ಮೆಟ್ಟಿಲ ಬಳಿ ನನ್ನ ಭುಜದ ಮೇಲೆ ಕೈ ಹಾಕಿದರು. "ಮೇಷ್ಟ್ರೇ, ನೀವು ತಿಳಿದೋರು. ಘೋಷಣೆಗೆ ವ್ಯಾಕರಣ ಬೇಕೋ ಬೇಡ್ವೋ ಅಂತ ಸೋಮವಾರ ಹತ್ತು ಗಂಟೆಗೆ ಬರೆದುಕೊಡಿ. ಆ ಹುಡುಗಿ ವಿಷಯ ತೀರ್ಮಾನ ಮಾಡೋಕೆ ಅನುಕೂಲ." ಬೇಕು ಎಂದು ಬರೆದರೆ ದೊಡ್ಡವರು ತಪ್ಪು ಮಾತಾಡಿದಂತೆ. ಬೇಡ ಎಂದು ಬರೆದರೆ ಅಂಕ ಕೊಟ್ಟವಳು ಬರೀ ಹಗೆತನಕ್ಕೆ ಕೊಟ್ಟಂತೆ. ಇಡೀ ಭಾನುವಾರ ಕಾಗದ ಬಿಳಿಯಾಗಿಯೇ ಉಳಿದಿದೆ. ಪ್ರಾಸ ಕೂಡ ಹತ್ತಿರ ಸುಳಿಯುತ್ತಿಲ್ಲ.

ಭಾವನವರಿಗೆ ನನ್ನ ನಮಸ್ಕಾರ. ಮಕ್ಕಳ ತಲೆ ಸವರಿ ಮಾವ ಕೇಳಿದ ಎಂದು ಹೇಳು. ಮಂಡಿಗೆ ಉಣ್ಣೆ ಸುತ್ತಿಕೋ, ಅಸಡ್ಡೆ ಮಾಡಬೇಡ.

ನಿನ್ನ ತಮ್ಮ,
ಸೆವೆರ್

ಮರೆತೆ, ಫ್ಲೋರಿಕಾ ಬಾಗಿಲಲ್ಲಿ ನಿಂತಿದ್ದಾಳೆ: ಅವರು ಕೇಳಿದ್ದನ್ನು ನಾನು ಬರೆದುಕೊಡುವುದಿಲ್ಲ. ನಾಳೆ ಹೋಗಿ ಅಂಕ ನನ್ನದು ಎನ್ನುತ್ತೇನೆ, ನಂಬದಿದ್ದರೆ ಅವರೆದುರೇ ಬರೆದು ತೋರಿಸುತ್ತೇನೆ. ಸಾಂಡಾಗೆ ಹೇಳಿದ್ದೇನೆ, ನನ್ನ ಉಣ್ಣೆಯ ಕಾಲುಚೀಲ ಹುಡುಕುತ್ತಿದ್ದಾಳೆ. ಅವರು ನಿನ್ನಲ್ಲಿಗೂ ಬರುತ್ತಾರೆ. ನನ್ನಂಥ ಭಾವಮೈದ ಇರುವವರನ್ನು ಹಡಗು ಹತ್ತಿಸುವುದಿಲ್ಲ. ಆದ್ದರಿಂದ ಕೇಳಿಸಿಕೋ, ಅವರಿಗೆ ಹೀಗೆ ಹೇಳು: ಅಮ್ಮ ಹೋದಾಗ ಹೊಲಿಗೆ ಯಂತ್ರಕ್ಕಾಗಿ ನಾವಿಬ್ಬರೂ ಜಗಳವಾಡಿದೆವು, ಆರು ವರ್ಷದಿಂದ ಮಾತಿಲ್ಲ, ಕಾಗದವಿಲ್ಲ. ನಾನೂ ಹಾಗೆಯೇ ಹೇಳುತ್ತೇನೆ. ನನ್ನ ಪತ್ರಗಳನ್ನೆಲ್ಲ ಒಲೆಗೆ ಹಾಕು, ಇದನ್ನೂ. ಉತ್ತರ ಬರೆಯಬೇಡ. ಅವರೆದುರು ನನ್ನನ್ನು ಬೈಯುವಾಗ ಅಳಬೇಡ ಅಕ್ಕಾ. ಚೆನ್ನಾಗಿ ಬೈ.