ಎಡಗೈ ಗಂಟು

ಅಪ್ಪಾ,

ನೀನು ಹೋದ ಮೇಲೆ ಇದು ಎರಡನೆಯ ಚಳಿಗಾಲ. ಬೋನಾಳ ಕೆರೆಗೆ ಬಾತುಗಳು ಬಂದಿವೆ. ನಿನಗೆ ಓದಲು ಬರುತ್ತಿರಲಿಲ್ಲ. ಮನೆಗೆ ಬಂದ ಕಾಗದಗಳನ್ನೆಲ್ಲ ನಾನೇ ಓದಿ ಹೇಳುತ್ತಿದ್ದೆ. ಇದನ್ನೂ ಬಾಯಿಂದಲೇ ಹೇಳಬೇಕಿತ್ತು. ನೀನಿದ್ದಾಗಲೇ ಹೇಳಬೇಕಿತ್ತು. ಆದರೆ...

ನನಗಾಗ ಏಳೋ ಎಂಟೋ ವರ್ಷ. ಬೆಳಕು ಹರಿಯುವ ಹೊತ್ತಿಗೆ ನೀನು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆರೆ ಏರಿಗೆ ಹೋಗಿದ್ದೆ. ತಲೆಯ ಮೇಲೆ ಎರಡು ಕಪ್ಪು ಪಟ್ಟೆಯಿದ್ದ ದೊಡ್ಡ ಬಾತುಗಳು ಆಕಾಶದಲ್ಲಿ ಸುತ್ತು ಹಾಕುತ್ತಿದ್ದವು. "ಸಪ್ಪಳ ಮಾಡಬ್ಯಾಡ. ಮೊದಲ ಒಂದ ಇಳದು ನೋಡ್ತದ. ಅದಕ ಭರೋಸಾ ಬಂದ್ರನ ಉಳಿದವು ಇಳೀತಾವ," ಎಂದಿದ್ದೆ ನೀನು. ಶಹಾಪುರದಲ್ಲಿ ನನಗೆ ಶಾಲೆಯ ನೌಕರಿ ಸಿಕ್ಕ ಮೇಲೆ, ಸುರಪುರದ ನಿವೃತ್ತ ವಿಜ್ಞಾನ ಮಾಸ್ತರರ ತಂಡದ ಜೊತೆ ಭಾನುವಾರಗಳಲ್ಲಿ ಹಕ್ಕಿ ನೋಡಲು ಹೋಗತೊಡಗಿದೆನಲ್ಲ, ಅಲ್ಲಿ ಇದೇ ಮಾತನ್ನು ಹೇಳಿದೆ. ಮಾಸ್ತರರು ಬೆರಗಾಗಿ, "ಎಲ್ಲಿ ಕಲ್ತೆವ್ವ ಇದೆಲ್ಲ?" ಎಂದರು. "ಪುಸ್ತಕದಾಗ ಓದೀನ್ರಿ," ಎಂದುಬಿಟ್ಟೆ. ನಿನ್ನ ಹೆಸರು ಹೇಳಲಿಲ್ಲ. ಕೂಲಿ ಸಿಗದ ದಿನಗಳಲ್ಲಿ ನೀನು ಅದೇ ಕೆರೆಯ ಅಂಚಿನಲ್ಲಿ ಉರುಲು ಒಡ್ಡುತ್ತಿದ್ದೆ. ಆ ಹಕ್ಕಿಯ ಸಾರನ್ನು ನಾನೂ ಉಂಡಿದ್ದೆ.

ಮುಂದೊಂದು ಭಾನುವಾರ ಕೆರೆಯ ಆಪು ಹುಲ್ಲಿನ ನಡುವೆ ಸತ್ತು ಬಿದ್ದಿದ್ದ ಬಾತನ್ನು ಮೊದಲು ಕಂಡವಳು ನಾನೇ. ಕಾಲಿಗೆ ನೈಲಾನ್ ದಾರದ ಉರುಲು ಬಿಗಿದಿತ್ತು. ಮಾಸ್ತರರು ಅದನ್ನು ಬಿಡಿಸಿ ಅಂಗೈಯಲ್ಲಿ ಹಿಡಿದರು. ಎಲ್ಲರ ಗಂಟೂ ಬಲಕ್ಕೆ ತಿರುಗುತ್ತದೆ. ಎಡಗೈಯವನಾದ ನಿನ್ನ ಗಂಟು ಎಡಕ್ಕೆ ತಿರುಗಿ, ತುದಿ ಒಳಗೆ ಸಿಕ್ಕಿಕೊಂಡಿರುತ್ತಿತ್ತು. ನನ್ನ ಪಾಟಿಚೀಲದ ಹರಿದ ದಾರಕ್ಕೆ ನೀನು ಹಾಕಿಕೊಡುತ್ತಿದ್ದ ಗಂಟದು. ನಾನು ಗುರುತಿಸದೆ ಇರುತ್ತೇನೆಯೇ? "ಹಿಮಾಲಯ ದಾಟಿ ಬಂದದ ಇದು. ನಮ್ಮ ಕೆರ್ಯಾಗ ಸಾಯಾಕ ಬಂತೇನು?" ಎಂದ ಮಾಸ್ತರರ ಕಣ್ಣಲ್ಲಿ ನೀರಿತ್ತು. ನಾನು ತಲೆ ತಗ್ಗಿಸಿ ನಿಂತೆ.

ಊರೊಳಗೆ ಹೋಗಿ ವಿಚಾರಿಸಿದಾಗ ಯಾರೋ ಸಾಬಣ್ಣ ಕಾಕಾನ ಹೆಸರು ಹೇಳಿದರು. ನಿನ್ನ ಗೆಳೆಯನಾದ ಅವನು ಹಿಂದೆ ಹಕ್ಕಿ ಹಿಡಿಯುತ್ತಿದ್ದದ್ದು ಊರಿಗೆಲ್ಲ ಗೊತ್ತಿತ್ತು; ಬಿಟ್ಟದ್ದು ಯಾರ ನೆನಪಿನಲ್ಲೂ ಇರಲಿಲ್ಲ. "ನಾ ಅಲ್ರಿ. ನನ್ನ ಮಕ್ಕಳ ಆಣಿ, ನಾ ಅಲ್ಲ," ಎಂದು ಊರ ಕಟ್ಟೆಯ ಮುಂದೆ ನಿಂತು ಅಂಗಲಾಚಿದ. ಯಾರೂ ನಂಬಲಿಲ್ಲ. ಕೆರೆಯಲ್ಲಿ ಮೀನು ಹಿಡಿಯುವ ಕೆಲಸದಿಂದ ಅವನನ್ನು ಬಿಡಿಸಿದರು. ಜನರ ಹಿಂದೆ ನೀನೂ ನಿಂತಿದ್ದೆ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮರುದಿನ ಬೆಳಿಗ್ಗೆ ನೀನು ಉರುಲುಗಳನ್ನೆಲ್ಲ ಒಲೆಗೆ ಹಾಕಿದೆ. ನೈಲಾನ್ ಸುಟ್ಟ ವಾಸನೆ ಮನೆ ತುಂಬಿತು. ನಾನು ಏನೂ ಕೇಳಲಿಲ್ಲ, ನೀನು ಏನೂ ಹೇಳಲಿಲ್ಲ. ಮತ್ತೆಂದೂ ನೀನು ಕೆರೆಯ ಕಡೆ ಹೋಗಲಿಲ್ಲ. ಸಾಬಣ್ಣ ಕಾಕಾ ಮಾತ್ರ ಮೀನಿಗಾಗಿ ದಿನವೂ ಬಸ್ಸು ಹತ್ತಿ ತಿಂಥಣಿಗೆ, ಕೃಷ್ಣೆಯ ದಂಡೆಗೆ ಹೋಗಬೇಕಾಯಿತು. ನೀನು ತಪ್ಪು ಮುಚ್ಚಿಟ್ಟೆ ಎಂದು ಒಳಗೊಳಗೇ ನಿನ್ನ ಮೇಲೆ ಸಿಟ್ಟಿತ್ತು ನನಗೆ. ನಾನು ಮುಚ್ಚಿಟ್ಟದ್ದರ ಮೇಲೆ ಯಾಕೆ ಸಿಟ್ಟು ಬರಲಿಲ್ಲ?

ಈ ದೀಪಾವಳಿ ಕಳೆದ ಮೇಲೆ ಧೈರ್ಯ ಮಾಡಿ ಅವನ ಮನೆಗೆ ಹೋದೆ. ಅಂಗಳದಲ್ಲಿ ಬಲೆ ಹೊಲಿಯುತ್ತ ಕುಳಿತಿದ್ದ. "ಕಾಕಾ, ಆ ಉರುಲು ನಮ್ಮಪ್ಪಂದು," ಎಂದೆ. ಅವನು ತಲೆ ಎತ್ತಲಿಲ್ಲ.

"ಗೊತ್ತದ. ಅವತ್ತ ಸಂಜಿಗೇ ಬಂದಿದ್ದ. ಊರ ಮುಂದ ಒಪ್ಕೋತೀನಿ ಅಂತ ಅಳಾಕತ್ತಿದ್ದ. ನಾನೇ ಬ್ಯಾಡ ಅಂದೆ. ಮಗಳು ಆ ಮಂದಿ ಜೋಡಿ ತಲಿ ಎತ್ತಿ ತಿರಗಾಕತ್ತಾಳ, ಆಕಿ ಮಾರಿ ನೋಡಿ ಸುಮ್ಮನಿರು ಅಂದೆ."

"ಕಾಕಾ, ಗಂಟು ನೋಡಿದ ಕೂಡ್ಲೇ ನನಗೂ ಗೊತ್ತಾಗಿತ್ತು."

ಅವನ ಕೈ ಆಗ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದ. "ಅದು ನನಗ ಗೊತ್ತಿರ್ಲಿಲ್ಲ ನೋಡವ್ವ," ಎಂದು ಎದ್ದು ಒಳಗೆ ಹೋದ. ಬಾ, ಕೂಡು ಎನ್ನಲಿಲ್ಲ.

ನೀನು ಹೇಳಲು ಹೋಗಿದ್ದೆ ಅಪ್ಪಾ. ನನ್ನ ಸಲುವಾಗಿ ಬಾಯಿ ಮುಚ್ಚಿಕೊಂಡು, ನನ್ನ ಸಿಟ್ಟನ್ನೂ ನುಂಗಿಕೊಂಡು ಹೋದೆ. ನಾನೊಂದು ಮಾತು ಕೇಳಿದ್ದರೆ...

ಮುಂದಿನ ಭಾನುವಾರ ಏರಿಯ ಮೇಲೆ ಎಲ್ಲರ ಮುಂದೆ ನಿಂತು ನಿನ್ನ ಹೆಸರನ್ನೂ ನನ್ನ ಹೆಸರನ್ನೂ ಹೇಳಿದೆ. ಮಾಸ್ತರರು ದುರ್ಬೀನನ್ನು ಚೀಲಕ್ಕಿಟ್ಟು ನೇರವಾಗಿ ಸಾಬಣ್ಣ ಕಾಕಾನ ಮನೆಗೆ ನಡೆದರು. "ತಪ್ಪಾಯ್ತಪ್ಪ. ಕೇಳದನ ನಿನ್ನ ಕಳ್ಳನ ಮಾಡಿದ್ವಿ," ಎಂದು ಕೈ ಮುಗಿದರು. ಕಾಕಾ ಒಂದೇ ಮಾತು ಹೇಳಿದ: "ಇದನ್ನ ಕಟ್ಟಿ ಮುಂದ ಬಂದು ಹೇಳ್ರಿ." ಹೇಳಿದರು. ಅದೇ ಕಟ್ಟೆ, ಅದೇ ಜನ. ಹದಿನೈದು ದಿನಗಳಲ್ಲಿ ಅವನನ್ನು ಕೆರೆಯ ಕೆಲಸಕ್ಕೆ ತಿರುಗಿ ಕರೆದರು. ಈಗ ಮೀನಿನ ಬಲೆಯಲ್ಲಿ ಹಕ್ಕಿ ಸಿಕ್ಕರೆ ಕತ್ತರಿಸಿ ಬಿಡುವುದನ್ನು ಉಳಿದವರಿಗೆ ಅವನೇ ಕಲಿಸುತ್ತಿದ್ದಾನೆ.

ನಿನ್ನೆ ನಮ್ಮ ತಂಡದ ಮುಂದೆ ನಡೆದವನು ಅವನೇ. ನನ್ನೊಡನೆ ಮಾತಾಡಲಿಲ್ಲ. ಜಂಬುಕೋಳಿ ಗೂಡು ಕಟ್ಟುವ ಜಾಗಗಳನ್ನು ಮಾಸ್ತರರಿಗೆ ತೋರಿಸಿದ, ಅವರು ಬರೆದುಕೊಂಡರು. ತಿರುಗಿ ಬರುವಾಗ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಅಂದ: "ಬರೋ ಐತ್ವಾರ ನಿಮ್ಮವ್ವನ್ನ ಕರ್ಕೊಂಡು ಬಾ. ಆಕಿ ಈ ಹಕ್ಕಿ ಒಮ್ಮೀನೂ ನೋಡಿಲ್ಲ."

ಅವ್ವನಿಗೆ ನಾನಿನ್ನೂ ಏನೂ ಹೇಳಿಲ್ಲ ಅಪ್ಪಾ. ಇವತ್ತು ಸೋಮವಾರ. ಭಾನುವಾರಕ್ಕೆ ಮೊದಲು ಅವಳ ಎದುರು ಕುಳಿತು ಹೇಳುತ್ತೇನೆ, ನಿನ್ನದನ್ನೂ, ನನ್ನದನ್ನೂ.

ನಿನ್ನ ಮಗಳು